ಹುಟ್ಟಿದ ಕೂಡಲೇ ಅತ್ತಿತೇ

ಹರಿಹರದಿಂದ ದಾವಣಗೆರೆಗೆ ಹದಿನಾಲ್ಕು ಕಿಲೋಮೀಟರು ಎಂದು ಕಲ್ಲಿನ ಮೇಲೆ ಬರೆದವರಿಗೆ ವಾಮದೇವಪ್ಪನ ಹೊಟ್ಟೆಯೊಳಗಿನ ದಾರಿ ಗೊತ್ತಿರಲಿಲ್ಲ. ಈ ಬುಧವಾರ ಬೆಳಿಗ್ಗೆ ಅದು ಕಮ್ಮಿಯೆಂದರೂ ನಾನೂರು ಕಿಲೋಮೀಟರಿತ್ತು. ಬಡೇಸಾಬನ ಆಟೋದ ಹಿಂದಿನ ಸೀಟಿನಲ್ಲಿ ಎಡಕ್ಕೆ ಹೆಂಡತಿ ಕೊಟ್ರಮ್ಮ, ಬಲಕ್ಕೆ ಅವನು, ನಡುವೆ ಇಪ್ಪತ್ಮೂರು ವರ್ಷದ ಮಗಳು ಪ್ರೇಮಲತಾ, ಅವಳ ತೊಡೆಯ ಮೇಲೆ ಹಳೆಯ ಕಾಗದಗಳ ಪ್ಲಾಸ್ಟಿಕ್ ಕವರು. ಆಟೋದ ನೆತ್ತಿಯ ಮೇಲೆ ಎರಡು ಹಾರ್ನುಗಳು ಒಂದು ಹಿಂದಕ್ಕೆ ಒಂದು ಮುಂದಕ್ಕೆ ಬಾಯಿ ತೆರೆದುಕೊಂಡಿದ್ದವು, ಯಾಕೆಂದರೆ ಅದು ಬರೀ ಆಟೋ ಅಲ್ಲ, ಪ್ರಚಾರದ ಆಟೋ, ಮತ್ತು ವಾಮದೇವಪ್ಪನದು ಬರೀ ಗಂಟಲಲ್ಲ. ಮೂವತ್ತು ವರ್ಷಗಳಿಂದ ಹರಿಹರದ ಸೀರೆಯ ರಿಯಾಯಿತಿ, ಸರ್ಕಸ್ಸು, ಕಣ್ಣಿನ ತಪಾಸಣೆ, ನಲ್ಲಿಯಲ್ಲಿ ನೀರು ಬಾರದ ದಿನ, ಕಳೆದುಹೋದ ಎಮ್ಮೆ ಎಲ್ಲವೂ ಊರಿಗೆ ತಿಳಿದದ್ದು ಆ ಗಂಟಲಿನಿಂದ. ಅವನು ತುಂಗಭದ್ರೆಯ ಈ ದಡದಲ್ಲಿ ಕೆಮ್ಮಿದರೆ ಆ ದಡದಲ್ಲಿ ಬಟ್ಟೆ ಒಗೆಯುವವರು ತಲೆಯೆತ್ತುತ್ತಿದ್ದರು. ಒಮ್ಮೆ ಅವನು ಮೈಕು ಹಿಡಿದು ‘ಬನ್ನಿ ಬನ್ನಿ ಬನ್ನಿ’ ಎಂದದ್ದಕ್ಕೆ ಹರಿಹರದಲ್ಲಿ ನಿಲ್ಲಬಾರದ ರೈಲೊಂದು ನಿಂತು, ಡ್ರೈವರು ಇಳಿದು ಬಂದು ಏನು ವಿಷಯ ಎಂದು ಕೇಳಿದ್ದನೆಂದು ಅವನೇ ಹೇಳುತ್ತಾನೆ. ಸುಳ್ಳೆಂದು ಸಾಬೀತು ಮಾಡಿದವರು ಇದುವರೆಗೆ ಹುಟ್ಟಿಲ್ಲ. ಅಂಥ ಗಂಟಲು ಇವತ್ತು ಬೆಳಗಿನಿಂದ ಒಣಗಿತ್ತು. ಎರಡು ಲೋಟ ನೀರು ಕುಡಿದಿದ್ದ. ನೀರು ಗಂಟಲನ್ನು ಮುಟ್ಟದೆ ಪಕ್ಕದಿಂದ ಹಾದುಹೋದ ಹಾಗಾಗಿತ್ತು.

‘ಯಾಕ ವಾಮಣ್ಣ, ಇವತ್ತು ರೇಡಿಯೋ ಬಂದ್ ಐತೆ?’ ಎಂದ ಬಡೇಸಾಬ್ ಕನ್ನಡಿಯಲ್ಲಿ ನೋಡುತ್ತ. ‘ಬ್ಯಾಟರಿ ಉಳಿಸ್ತಿದೀನಿ,’ ಎಂದ ವಾಮದೇವಪ್ಪ. ಕೊಟ್ರಮ್ಮ ನಗಲಿಲ್ಲ. ಭಾನುವಾರದಿಂದ ಅವಳು ನಕ್ಕಿಲ್ಲ. ಭಾನುವಾರ ಭಾನುವಳ್ಳಿಯಿಂದ ಕಿರಿಯ ಮಗಳು ನೇತ್ರಾವತಿ ಫೋನು ಮಾಡಿದ್ದಳು. ಅವಳಿಗೀಗ ಮೂರು ತಿಂಗಳ ಬಸಿರು. ಅಕ್ಕನ ಹೊಸ ಅಂಗವಿಕಲರ ಕಾರ್ಡಿಗೆಂದು ತನ್ನ ಗಂಡನ ಮೊಬೈಲಿನಲ್ಲಿ ಅರ್ಜಿ ತುಂಬಿದ್ದಳಂತೆ, ಹಳೆಯ ಸರ್ಟಿಫಿಕೇಟಿನ ಫೋಟೋ ಅದರಲ್ಲೇ ಉಳಿದು ಅತ್ತೆ ಕಾಟಮ್ಮನ ಕಣ್ಣಿಗೆ ಬಿದ್ದಿತ್ತಂತೆ. ‘ಕಾರಣ’ ಎಂಬಲ್ಲಿ ನೀಲಿ ಶಾಯಿಯ ನಾಲ್ಕು ಪದ: ರಕ್ತಸಂಬಂಧದ ಮದುವೆ, ವಂಶವಾಹಿ ಸಾಧ್ಯತೆ. ‘ಮುಂದಿನ ಸೋಮವಾರ ಹೋಗಿ ತೆಗೆಸ್ಕೊಂಡು ಬರಾಣ ಅಂತಾರಪ್ಪ ಅತ್ತೆ. ನಿಮ್ಮವ್ವ ನಿಮ್ಮಪ್ಪನ ಅಕ್ಕನ ಮಗಳು, ರಕ್ತದಾಗೇ ಐತೆ ಅಂತ ಡಾಕ್ಟ್ರೇ ಬರ್ದಾರೆ, ಇನ್ನೊಂದು ಅಂಥದ್ದು ನಮ್ಮ ಮನ್ಯಾಗೆ ಬ್ಯಾಡ ಅಂತಾರೆ. ಇವರು ತುಟಿ ಬಿಚ್ಚಲ್ಲ.’ ಆಮೇಲೆ ಧ್ವನಿ ತಗ್ಗಿಸಿದ್ದಳು. ‘ಬುಧವಾರ ಅಕ್ಕನ್ನ ಹೊಸದಾಗಿ ಪರೀಕ್ಷೆ ಮಾಡ್ತಾರಲ್ಲ, ಏನಂತಾರೆ ಕೇಳಿ ಹೇಳಪ್ಪ. ನಿಜ ಏನೈತೋ ಅದು. ನಿನ್ನ ಮೈಕಿಂದು ಬ್ಯಾಡ.’

ನಿಜ ಏನೈತೋ ಅದು. ಆಟೋ ಹೆದ್ದಾರಿಗೆ ಬಿದ್ದಮೇಲೆ ಆ ಮಾತು ಎಂಜಿನ್ನಿನ ಸದ್ದಿಗೆ ಕಟ್ಟಿಕೊಂಡು ಓಡತೊಡಗಿತು. ನಿಜವನ್ನು ಅವನೇನು ಕಂಡಿಲ್ಲವೇ? ಕಂಡದ್ದಕ್ಕೇ ಅದರ ಮೇಲೆ ಇಷ್ಟು ವರ್ಷ ಶಾಮಿಯಾನ ಹಾಕಿ ಬಲ್ಬು ತೂಗಿಸಿದ್ದು. ಪ್ರೇಮಲತಾ ಯಾಕೆ ಹೀಗೆ ಎಂಬುದಕ್ಕೆ ಓಣಿಯಲ್ಲಿ ಮನೆಗೊಂದು ಕಾರಣವಿತ್ತು: ಗ್ರಹಣದ ದಿನ ಕೊಟ್ರಮ್ಮ ಸೌತೆಕಾಯಿ ಹೆಚ್ಚಿದಳು ಎಂದವರಿದ್ದರು, ಅಪ್ಪನ ಬಾಯಿಗೆ ಬೇಕಾದ ಬುದ್ಧಿಯೆಲ್ಲ ಖರ್ಚಾಗಿ ಮಗಳಿಗೆ ಉಳಿಯಲಿಲ್ಲ ಎಂದು ನಕ್ಕವರಿದ್ದರು, ಮತ್ತು ಎಲ್ಲರೂ ಕೊನೆಗೆ ಬಂದು ಕೂರುತ್ತಿದ್ದದ್ದು ಒಂದೇ ಕಟ್ಟೆಯ ಮೇಲೆ, ಅಕ್ಕನ ಮಗಳನ್ನ ತಂದ್ಕೊಂಡ ನೋಡ್ರಿ. ಅವನ ಅಕ್ಕ, ಕೊಟ್ರಮ್ಮನ ಅವ್ವ, ಅದನ್ನು ನಂಬಿದಳು. ಮದುವೆಗೆ ಹಟ ಹಿಡಿದವಳು ಅವಳೇ. ಸಾಯುವ ಹಿಂದಿನ ವಾರ ಪ್ರೇಮಲತಾಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಇಟ್ಟುಕೊಂಡು, ‘ತಮ್ಮಾ, ನಾನೇ ಕೆಡಿಸಿದ್ನೇನೋ, ಹೊರಗಿಂದ ತಂದಿದ್ರೆ ಈ ಕೂಸು ನೆಟ್ಟಗಿರ್ತಿತ್ತೇನೋ,’ ಎಂದಾಗ ಅವನು, ಹರಿಹರದ ಧ್ವನಿ, ಲಕ್ಷಾಂತರ ಜನರನ್ನು ಮಾತಿನಿಂದ ಎಬ್ಬಿಸಿ ಕೂರಿಸಿದವನು, ‘ಮಲಕ್ಕೋ ಅಕ್ಕ,’ ಎಂದಿದ್ದ. ಅಷ್ಟೇ. ಎರಡು ಪದ. ಎರಡನೆಯದು ಸರಿಯಾಗಿ ಹೊರಗೆ ಬಂದಿರಲೂ ಇಲ್ಲ.

ಪ್ರೇಮಲತಾ ಅವನ ಜೇಬಿನಿಂದ ಮೈಕಿನ ಹಳೆಯ ವೈರಿನ ತುದಿ ಎಳೆದು ಮೊಣಕೈಗೂ ಹೆಬ್ಬೆರಳಿಗೂ ಸುತ್ತತೊಡಗಿದಳು. ವೈರು ಸುತ್ತುವುದರಲ್ಲಿ ಅವಳನ್ನು ಮೀರಿಸುವವರು ಏಷ್ಯಾ ಖಂಡದಲ್ಲಿಲ್ಲ ಎಂದು ಅವನು ಸಾರಿದ್ದುಂಟು, ಮತ್ತು ಇದರಲ್ಲಿ ಉತ್ಪ್ರೇಕ್ಷೆ ಅಷ್ಟಿಲ್ಲ. ನೂರು ಅಡಿ ವೈರು ಒಂದು ಗಂಟಿಲ್ಲದೆ ಸಿಂಬಿಯಾಗಿ ಅವಳ ಕೈಯಿಂದ ಇಳಿಯುತ್ತಿತ್ತು. ಆದರೆ ವೈರು ಸುತ್ತುವುದಕ್ಕೆ ಸರ್ಕಾರದ ಕಾಗದದಲ್ಲಿ ಜಾಗವಿಲ್ಲ. ಬುದ್ಧಿಯ ಕೊರತೆಗೆ ಅಲ್ಲಿ ಇರುವುದು ನಾಲ್ಕೇ ಮನೆ: ಸೌಮ್ಯ, ಮಧ್ಯಮ, ತೀವ್ರ, ಅತಿತೀವ್ರ. ಅವಳಿಗೆ ನಾಲ್ಕು ವರ್ಷವಿದ್ದಾಗ ಮೊದಲ ಸಲ ಈ ಪದಗಳನ್ನು ಕೇಳಿದಾಗ ಅವನಿಗೆ ಮಳೆಯ ವರದಿ ಓದಿದ ಹಾಗಾಗಿತ್ತು. ‘ಮಧ್ಯಮ’ ಎಂದು ಬರೆದುಕೊಟ್ಟರು. ಓಣಿಗೆ ಬಂದು, ‘ನಮ್ಮ ಪ್ರೇಮಿ ಸೆಕೆಂಡ್ ಕ್ಲಾಸಿನಾಗೆ ಪಾಸು, ದೊಡ್ಡ ದೊಡ್ಡೋರ ಮಕ್ಕಳು ಫೇಲಾಗಿ ಕುಂತಿದ್ರು,’ ಎಂದಿದ್ದ. ಜನ ನಕ್ಕರು. ಕೊಟ್ರಮ್ಮ ಅಡುಗೆಮನೆಯಲ್ಲಿ ಸೆರಗು ಬಾಯಿಗೆ ತುರುಕಿಕೊಂಡಿದ್ದಳು. ಅದು ನಗುವೆಂದು ತಿಳಿಯಲು ಅವನು ಎಷ್ಟು ಪ್ರಯತ್ನ ಪಟ್ಟಿದ್ದ.

ದಾವಣಗೆರೆ ಊರೊಳಗಿನ ರೈಲ್ವೆ ಗೇಟು ತೆರೆದೇ ಇತ್ತು. ಹಳಿ ದಾಟುವಾಗ ಆಟೋ ಕುಲುಕಿದ ಮೂರು ಕುಲುಕೂ ಬೆನ್ನುಮೂಳೆಯಲ್ಲಿ ಒಂದೊಂದು ಮಣಿ ಜಾರಿಸಿದ ಹಾಗೆ ಆಯಿತು. ಬಡೇಸಾಬ್ ಕನ್ನಡಿಯಲ್ಲಿ ನೋಡಲಿಲ್ಲ. ಇಪ್ಪತ್ಮೂರು ವರ್ಷದಿಂದ ಈ ಗೇಟಿನಲ್ಲಿ ಅವನು ಕನ್ನಡಿ ನೋಡುವುದಿಲ್ಲ. ಅವತ್ತು ಇದೇ ಆಟೋ, ಅಂದರೆ ಇದರ ಅಪ್ಪನಂಥ ಇನ್ನೊಂದು ಆಟೋ, ಮಧ್ಯಾಹ್ನ ಎರಡೂವರೆ, ಬಿಸಿಲು ಹೇಗಿತ್ತೆಂದರೆ ಹಳಿಗಳು ನೀರಾಗಿ ಹರಿಯುವುದೊಂದು ಬಾಕಿ. ಹಿಂದಿನ ಸೀಟಿನಲ್ಲಿ ಹತ್ತೊಂಬತ್ತರ ಕೊಟ್ರಮ್ಮ ಅಕ್ಕನ ತೊಡೆಗೆ ತಲೆಕೊಟ್ಟು ಹೆರಿಗೆ ನೋವಿಗೆ ಸೀಟಿನ ರೆಕ್ಸಿನ್ನು ಕಚ್ಚುತ್ತಿದ್ದಳು. ಗೇಟು ಹಾಕಿತ್ತು. ಮುಂದೆ ಲಾರಿ, ಸೈಕಲ್ಲು, ಕೈಗಾಡಿ, ಒಂದು ಲೋಕವೇ ನಿಂತಿತ್ತು. ತೆರೆದ ಕೂಡಲೇ ನುಗ್ಗಲು ದಾರಿ ಬೇಕಿತ್ತು, ದಾರಿ ಮಾಡಲು ಅವನ ಬಳಿ ಇದ್ದದ್ದು ಒಂದೇ ಆಯುಧ. ಮೈಕು ತೆಗೆದ. ‘ಬಿಡಿ, ದಾರಿ ಬಿಡಿ’ ಎನ್ನಬೇಕು, ಇಷ್ಟೇ, ಒಂದು ವರ್ಷದ ಕೂಸು ಕೂಡ ಹೇಳಬಹುದಾದ ಮಾತು. ಹೆದರಿದ ನಾಲಿಗೆ ತನಗೆ ರೂಢಿಯಿದ್ದ ದಾರಿ ಹಿಡಿಯಿತು. ‘ಬನ್ನಿ, ಬನ್ನಿ, ಬನ್ನಿ.’ ಮತ್ತು ಜನ ಬಂದರು. ಆ ಧ್ವನಿ ಕರೆದರೆ ಬಾರದವರು ಯಾರು? ಚಹದ ಅಂಗಡಿಯಿಂದ ಬಂದರು, ಲಾರಿಯಿಂದ ಇಳಿದು ಬಂದರು, ಗೇಟಿನ ಆಚೆ ಕಡೆಯವರು ಬಗ್ಗಿ ದಾಟಿ ಬಂದರು. ಏನು ಮಾರಾಟ, ಏನು ರಿಯಾಯಿತಿ ಎಂದು ಆಟೋದ ಸುತ್ತ ಕೋಟೆ ಕಟ್ಟಿದರು. ‘ಸರೀರಿ, ಸರೀರಿ’ ಎಂದು ಅವನು ಅರಚಿದ್ದು ಆಮೇಲೆ. ಅಷ್ಟರಲ್ಲಿ ರೈಲು ಹೋಗಿ, ಗೇಟೆದ್ದು, ಮುಂದಿನ ಗಾಡಿಗಳು ದಾಟಿ, ಹಿಂದಿನವರು ಬೈದು, ಜನರ ಕೋಟೆಯ ನಡುವಿನ ಆಟೋ ಮಾತ್ರ ಅಲ್ಲೇ ಉಳಿದು, ಮತ್ತೆ ಗೇಟು ಬಿತ್ತು. ಎರಡನೆಯದು ಗೂಡ್ಸು. ಅದರ ಡಬ್ಬಿಗಳು ಎಷ್ಟಿದ್ದವೆಂದು ಕೇಳಿದರೆ ಅವನು ಬೇರೆ ದಿನ ಸಾವಿರ ಎನ್ನುತ್ತಿದ್ದ.

ಆಸ್ಪತ್ರೆಯ ಕಾರಿಡಾರಿನಲ್ಲಿ ಇಪ್ಪತ್ತು ಮಂದಿ ತಂದೆತಾಯಿಗಳು ಬೆಂಚಿನ ಮೇಲೂ ನೆಲದ ಮೇಲೂ ಇದ್ದರು. ವಾಮದೇವಪ್ಪನಿಗೆ ಇನ್ನೂರು ಕಂಡರು. ಪಕ್ಕದಲ್ಲಿದ್ದ ಕೊಕ್ಕನೂರಿನ ಹೆಂಗಸು ತನ್ನ ಮಗನ ಜೊಲ್ಲು ಒರೆಸುತ್ತ, ‘ನೀವು ಮೈಕಿನೋರಲ್ಲ?’ ಎಂದಳು. ಹೌದೆಂದು ಎದೆಯುಬ್ಬಿಸುವ ಬದಲು ಅವನು ಗೋಡೆಯ ಮೇಲಿನ ಲಸಿಕೆಯ ಚಿತ್ರ ನೋಡಿದ. ಹೆಸರು ಕರೆದರು. ಒಳಗೆ ಮನಶ್ಶಾಸ್ತ್ರಜ್ಞೆ ಸುಮೈರಾ ಮೇಡಂ, ಮೂವತ್ತು ಮೂವತ್ತೆರಡರ ವಯಸ್ಸು, ಮೇಜಿನ ಮೇಲೆ ಮರದ ತುಂಡುಗಳು, ಚಿತ್ರದ ಕಾರ್ಡುಗಳು, ತಲೆಯ ಮೇಲೆ ಹೆಲಿಕಾಪ್ಟರಿನಷ್ಟು ಸದ್ದು ಮಾಡುವ ಫ್ಯಾನು. ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ. ಸಂದಿಯಲ್ಲಿ ಕಾರಿಡಾರಿನ ಮುಖಗಳು ಕಾಣುತ್ತಿದ್ದವು. ಪ್ರೇಮಲತಾ ತುಂಡುಗಳನ್ನು ಜೋಡಿಸಿದಳು, ಗುಂಡಿ ಹಾಕಿದಳು, ನಾಯಿಯನ್ನು ನಾಯಿ ಎಂದಳು, ನಾಳೆ ಯಾವ ವಾರ ಎಂದದ್ದಕ್ಕೆ ಹಲ್ಲು ತೋರಿಸಿದಳು. ‘ಗುರು…’ ಎಂದು ವಾಮದೇವಪ್ಪ ಹಿಂದಿನಿಂದ ಪಿಸುಗುಟ್ಟಿದ. ‘ನೀವು ಹೇಳ್ಬ್ಯಾಡ್ರಿ ಅಪ್ಪಾಜಿ, ಪರೀಕ್ಷೆ ನಿಮ್ಗಲ್ಲ,’ ಎಂದರು ಮೇಡಂ. ಕಾಪಿ ಹೊಡೆದು ಸಿಕ್ಕಿಬಿದ್ದ ಹಾಗೆ ಅವನ ಕಿವಿ ಬಿಸಿಯಾಯಿತು.

ಪರೀಕ್ಷೆ ಮುಗಿಯಿತು. ಮಧ್ಯಮವೇ, ಸೌಮ್ಯದ ಹೊಸ್ತಿಲಿಗೆ ಹತ್ತಿರ, ಎಂದರು ಮೇಡಂ. ಬರೀ ಅಂಕಿ ನೋಡಿ ಹೇಳೋದಲ್ಲ, ಮನೆಯಲ್ಲಿ ಏನೇನು ಮಾಡ್ತಾಳೆ ಅದೂ ಲೆಕ್ಕಕ್ಕೆ ಬರ್ತದೆ ಎಂದು ‘ವೈರು ಸುತ್ತುತ್ತಾಳೆ’ ಎಂಬುದನ್ನೂ ಬರೆದುಕೊಂಡರು. ಬೇರೆ ದಿನವಾಗಿದ್ದರೆ ಈ ಒಂದು ಸಾಲನ್ನು ಅವನು ಹರಿಹರದ ಅಷ್ಟೂ ವಾರ್ಡಿಗೆ ಮೂರು ದಿನ ಸಾರುತ್ತಿದ್ದ. ಈಗ ಮೇಡಂ ಹಳೆಯ ಕಾಗದ ತೆಗೆದು ಹೊಸ ಹಾಳೆಗೆ ಪ್ರಶ್ನೆಗಳನ್ನು ಇಳಿಸುತ್ತಿದ್ದರು. ಬಸುರಿಯಿದ್ದಾಗ ಜ್ವರ ಬಂದಿತ್ತಾ, ಇಲ್ಲ. ಮಗುವಿಗೆ ಫಿಟ್ಸು, ಇಲ್ಲ. ‘ಹುಟ್ಟಿದ ಕೂಡಲೇ ಅತ್ಲಾ?’

ಬಾಯಿ ತಾನಾಗಿ ತೆರೆಯಿತು. ‘ಕೂಡ್ಲೇ ಅಂದ್ರೆ ಏನು ಮೇಡಂ, ಆ ಕೂಗು ಹರಿಹರದ ಸೇತುವೆಗೆ ಕೇಳಿಸ್ತು, ಸೇತುವೆ ಮೇಲೆ ಹೋಗ್ತಿದ್ದ ಬಸ್ಸು…’ ಎಂದು ನಾಲಿಗೆ ಹಳೆಯ ಹಳಿಯ ಮೇಲೆ ಹೊರಟೇಬಿಟ್ಟಿತ್ತು. ಮೇಡಂ ನಗದೆ ‘ಹೌದು’ ಎಂದು ಬರೆಯತೊಡಗಿದರು. ‘ಹ’ ಆಯಿತು. ಹಳೆಯ ಕಾಗದದಲ್ಲಿ ಕೂಡ ಅದೇ ಇತ್ತು: ತಕ್ಷಣ ಅತ್ತಿದೆ, ಜೋರಾಗಿ. ಹತ್ತೊಂಬತ್ತು ವರ್ಷದ ಕೆಳಗೆ ಆ ಡಾಕ್ಟರು ಕೇಳಿದಾಗ ಅವನು ಹೇಳಿದ ಸೇತುವೆ, ಬಸ್ಸು ಎಲ್ಲವನ್ನೂ ಬಿಟ್ಟು ಅವರು ಉಳಿಸಿಕೊಂಡದ್ದು ಅಷ್ಟನ್ನೇ. ಮಗು ನೆಟ್ಟಗೆ ಅತ್ತಿದೆ, ಹೆರಿಗೆಯಲ್ಲಿ ತೊಂದರೆಯಿಲ್ಲ, ಹಾಗಾದರೆ ಇನ್ನೇನು ಕಾರಣ, ಗಂಡ ಹೆಂಡತಿಗೆ ಏನಾಗಬೇಕು ಎಂದು ಕೇಳಿ, ಸೋದರಮಾವ ಎಂದಾಗ ಪೆನ್ನು ನೆಮ್ಮದಿಯಿಂದ ಕೆಳಗಿನ ಸಾಲಿಗೆ ಇಳಿದಿತ್ತು. ಒಂದು ಬಡಾಯಿ ಸರ್ಕಾರದ ಮೊಹರು ಹೊಡೆಸಿಕೊಂಡು ಕೊಟ್ರಮ್ಮನ ರಕ್ತದೊಳಗೆ ಹೋಗಿ ಕೂತದ್ದು ಹಾಗೆ. ಈಗ ಭಾನುವಳ್ಳಿಯಲ್ಲಿ ನೇತ್ರಾಳ ಹೊಟ್ಟೆಯ ಬಾಗಿಲು ತಟ್ಟುತ್ತಿದೆ.

‘ಇಲ್ಲ,’ ಎಂದ.

‘ಏನಂದ್ರಿ? ಜೋರಾಗಿ ಹೇಳ್ರಿ, ಫ್ಯಾನಿನ ಸದ್ದು.’

ಜೋರಾಗಿ ಹೇಳ್ರಿ. ಹರಿಹರದ ವಾಮದೇವಪ್ಪನಿಗೆ ಈ ಮಾತನ್ನು ಹೇಳಿದವರು ಭೂಮಂಡಲದಲ್ಲಿ ಇವರೇ ಮೊದಲು. ಬಾಗಿಲಿನ ಸಂದಿಯಲ್ಲಿ ಕೊಕ್ಕನೂರಿನ ಹೆಂಗಸು ಇತ್ತಲೇ ನೋಡುತ್ತಿದ್ದಳು. ಅವನು ಎದ್ದು ನಿಂತ. ನಿಲ್ಲದೆ ಅವನಿಗೆ ಜೋರಾಗಿ ಹೇಳಿ ಗೊತ್ತಿರಲಿಲ್ಲ. ‘ಅಳ್ಲಿಲ್ಲ ಮೇಡಂ. ಕೂಸು ಹುಟ್ಟಿದಾಗ ಅಳ್ಲಿಲ್ಲ. ನೀಲಿ ಇತ್ತು. ನರ್ಸಮ್ಮ ಕಾಲು ಹಿಡ್ದು ಬಡಿತಿದ್ರು. ಏಳು ನಿಮಿಷ.’

‘ಅಂದಾಜಾ?’

‘ಅಂದಾಜಲ್ಲ. ಬಾಗ್ಲಾಗೆ ನಿಂತಿದ್ದೆ. ಎದುರಿಗೆ ಗಡಿಯಾರ ಇತ್ತು.’ ಬದುಕಿನಲ್ಲಿ ಹಿಗ್ಗಿಸದೆ ಇಟ್ಟುಕೊಂಡ ಒಂದೇ ಒಂದು ಅಂಕಿ ಅದು. ಆಮೇಲೆ ಗೇಟು ಹೇಳಿದ, ಮೈಕು ಹೇಳಿದ, ಬಿಡಿ ಎನ್ನುವ ಬದಲು ಬನ್ನಿ ಎಂದದ್ದು ಹೇಳಿದ. ಹೇಳುತ್ತ ಹೋದಂತೆ ಅದು ಅವನ ಕಿವಿಗೇ ಕಟ್ಟುಕಥೆಯ ಹಾಗೆ ಕೇಳಿಸಿತು. ರೈಲು ನಿಲ್ಲಿಸಿದ ಕಥೆ ಇದಕ್ಕಿಂತ ನಂಬುವಂತಿತ್ತು.

ಮೇಡಂ ಪೆನ್ನು ಕೆಳಗಿಟ್ಟರು. ‘ಅಪ್ಪಾಜಿ, ನಿಮ್ಮ ಕಿರಿಯ ಮಗಳ ವಿಷಯ ಅಮ್ಮ ಆಗ್ಲೇ ಹೇಳಿದ್ರು. ಅವಳ ಸಲುವಾಗಿ ಈಗ ಹಿಂಗೆ ಹೇಳ್ತಿದೀರಾ? ತಪ್ಪು ತಿಳ್ಕೋಬ್ಯಾಡ್ರಿ. ಹತ್ತೊಂಬತ್ತು ವರ್ಷದ ಕೆಳಗೆ ಒಂದು, ಇವತ್ತು ಇನ್ನೊಂದು. ಅಷ್ಟ್ಯಾಕೆ, ಎರಡು ನಿಮಿಷದ ಕೆಳಗೆ ಸೇತುವೆ ಅಂದ್ರಿ.’ ಜೀವಮಾನದ ಸುಳ್ಳುಗಳೆಲ್ಲ ಕಾರಿಡಾರಿನಲ್ಲಿ ಸಾಲು ನಿಂತು, ಈ ಒಂದನ್ನು ನಮ್ಮ ಜೊತೆ ಸೇರಿಸಿಕೊಳ್ಳುತ್ತೇವೆ ಎಂದು ಕೈ ಚಾಚಿದ ಹಾಗಾಯಿತು. ‘ಬಡೇಸಾಬ್ ಇದ್ದ,’ ಎಂದ. ಹೊರಗಿದ್ದ ಬಡೇಸಾಬನನ್ನು ಕರೆದರು. ಅವನು ಟೋಪಿ ಸರಿಮಾಡಿಕೊಂಡು ಗೋಡೆಗೆ ಒತ್ತಿ ನಿಂತ.

‘ಮೇಡಂಜೀ, ಇವನ ಬಾಯಾಗೆ ದಿನಕ್ಕೆ ಸಾವ್ರ ಮಾತು ಬರ್ತಾವೆ. ವರ್ಷಕ್ಕೆ ಒಂದು ನಿಜ. ಈ ವರ್ಷದ್ದು ಇದು. ಗೇಟಿನಾಗೆ ನಾನೇ ಗಾಡಿ ಹಿಡ್ಕೊಂಡಿದ್ದೆ. ಅಳ್ತೋ ಇಲ್ವೋ, ಅದು ನಂಗೆ ಗೊತ್ತಿಲ್ಲ. ನಾನು ಹೊರಗಿದ್ದೆ. ಇವನು ಹೊರಗೆ ಬಂದು ಸೇತುವೆಗೆ ಕೇಳಿಸ್ತು ಅಂದ. ನಂಗೆ ಗೋಡೆ ಪಕ್ಕದಾಗೇ ಕೇಳಿಸಿರ್ಲಿಲ್ಲ.’

ಮೇಡಂ ಕೊಟ್ರಮ್ಮನ ಕಡೆ ತಿರುಗಿದರು. ವಾಮದೇವಪ್ಪ ತಿರುಗಲಿಲ್ಲ. ಹೆರಿಗೆಯಾದಾಗ ಅವಳಿಗೆ ಎಚ್ಚರವಿರಲಿಲ್ಲ, ಅಕ್ಕ ಬಟ್ಟೆ ತರಲು ಹೋಗಿದ್ದಳು. ಆ ಏಳು ನಿಮಿಷಕ್ಕೆ ಅವನೊಬ್ಬನೇ ವಾರಸುದಾರ. ಅವಳ ಧ್ವನಿ ಬಂದದ್ದು ಅವನ ಬೆನ್ನಿಗೆ. ‘ಅಳು ನಾನು ಕೇಳಿಲ್ಲ ಮೇಡಂ. ಮೈಕ್ ಕೇಳಿಸ್ಕೊಂಡೀನಿ. ನಂಗೆ ಕಣ್ಣು ಕತ್ತಲೆ ಬರ್ತಿತ್ತು, ಇವನು ಬನ್ನಿ ಬನ್ನಿ ಅಂತಿದ್ದ. ಕೂಸನ್ನ ಕರೀತಿದಾನೆ ಅನ್ಕೊಂಡೆ.’ ಫ್ಯಾನು ತಿರುಗುತ್ತಿತ್ತು. ‘ಕೂಸಿಗೆ ಯಾರಾದ್ರೂ ಬಹುವಚನ ಹಚ್ತಾರಾ ಅಂತ ನಗು ಬೇರೆ ಬಂದಿತ್ತು ಆ ನೋವಿನಾಗೂ.’ ಆಮೇಲೆ ಅವನಿಗೆ ಮಾತ್ರ, ತಗ್ಗಿಸಿ, ‘ನಮ್ಮವ್ವಗೆ ಇದನ್ನ ಹೇಳಬಹುದಿತ್ತು ಮಾವ.’

ಅವನು ಕೂತ. ಕುರ್ಚಿ ಅಲ್ಲಿಯೇ ಇದ್ದದ್ದು ಅದೃಷ್ಟ.

ಸುಮೈರಾ ಮೇಡಂ ‘ಹ’ ಅಕ್ಷರದ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಬರೆದು, ಬರೆದದ್ದನ್ನು ಓದಿ ಹೇಳಿದರು: ತಂದೆಯ ಹೇಳಿಕೆಯಂತೆ ಮಗು ಏಳು ನಿಮಿಷ ಅಳಲಿಲ್ಲ, ಹಿಂದಿನ ಹೇಳಿಕೆ ತಪ್ಪೆಂದು ಇಂದು ತಿಳಿಸಿದ್ದಾರೆ. ಅವನು ಕೆಳಗಿನ ಸಾಲಿಗೆ ಕಣ್ಣು ನೆಟ್ಟಿದ್ದ. ‘ಕಾರಣ ಅದೇ ಅಂತ ಬರೀರಿ ಮೇಡಂ. ಗೇಟು ಅಂತ ಬರೀರಿ. ನನ್ನ ಹೆಸ್ರೇ ಬರೀರಿ.’

‘ಹಂಗೆ ಬರೆಯಕ್ಕೆ ಬರಲ್ಲ. ಉಸಿರು ಸಿಗದೆ ಆಗಿರಬಹುದು. ರಕ್ತದ್ದೂ ಇರಬಹುದು. ಎರಡೂ ಅಲ್ಲದೆ ಇರಬಹುದು, ಎಷ್ಟೋ ಮಕ್ಕಳಿಗೆ ಕಾರಣ ಗೊತ್ತೇ ಆಗಲ್ಲ. ಇವಳ ರಕ್ತ ಪರೀಕ್ಷೆಗೆ ಡಾಕ್ಟ್ರ ಹತ್ರ ಬರೆಸಿ ಕೊಡ್ತೀನಿ, ಇವತ್ತೇ ಕೊಟ್ಟು ಹೋಗ್ರಿ. ಕಿರಿಯ ಮಗಳನ್ನ, ಅವಳ ಗಂಡನ್ನ ತಜ್ಞರ ಹತ್ರ ಕಳಿಸ್ರಿ. ರಕ್ತದಾಗೇ ಐತೆ ಅಂತ ಯಾರೂ ಸಾಬೀತು ಮಾಡಿಲ್ಲ, ಈ ಕಾಗದ ನೋಡಿ ಸೋಮವಾರ ಏನೂ ಮಾಡಬ್ಯಾಡ್ರಿ ಅಂತ ಹೇಳ್ರಿ. ಅಷ್ಟು ಮಾತ್ರ ಹೇಳ್ರಿ. ಹೆಚ್ಚು ಹೇಳಬ್ಯಾಡ್ರಿ.’ ಕಾರಣದ ಮುಂದೆ ಅವರು ಬರೆದರು: ಖಚಿತವಿಲ್ಲ, ತನಿಖೆ ಬಾಕಿ. ಇರಬಹುದು, ಇರಬಹುದು. ಇಷ್ಟು ಸಣ್ಣ ಪದವನ್ನು ಹಾರ್ನಿನಲ್ಲಿ ಹೇಗೆ ಕೂಗುವುದು, ಯಾರು ಕೇಳುತ್ತಾರೆ.

ರಕ್ತ ಕೊಟ್ಟು ಬರುವಾಗ ಗೇಟು ಹಾಕಿತ್ತು. ಬಡೇಸಾಬ್ ಎಂಜಿನ್ನು ಆರಿಸಿದ. ಮುಂದೆ ಲಾರಿ, ಬೈಕುಗಳು, ಹಣ್ಣಿನ ಗಾಡಿ. ಹಿಂದಿನಿಂದಲೂ ಬಂದು ನಿಂತವು. ಹೋಗುವಾಗ ನಡುವೆ ಕೂತಿದ್ದ ಮಗಳನ್ನು ಕೊಟ್ರಮ್ಮ ಈಗ ತುದಿಗೆ ಕೂರಿಸಿ ತಾನು ನಡುವೆ ಕೂತಿದ್ದಳು, ಅವನಿಗೆ ತಾಗದ ಹಾಗೆ ಒಂದು ಗೇಣು ಬಿಟ್ಟು. ಆ ಮೂರು ಜನರ ಸೀಟಿನಲ್ಲಿ ಒಂದು ಗೇಣು ಎಲ್ಲಿಂದ ಹುಟ್ಟಿಸಿದಳೋ. ಅವನ ಫೋನು ಅಳ್ಳಾಡಿತು. ನೇತ್ರಾ.

‘ಏನಂದ್ರಪ್ಪ? ಅತ್ತೆನೂ ಕೇಳಿಸ್ಕೊತಿದಾರೆ. ಸ್ಪೀಕರ್ ಹಾಕೀನಿ.’

ನೂರಕ್ಕೆ ನೂರು ರಕ್ತದ್ದಲ್ಲವಂತೆ, ಬೆಂಗಳೂರಿನ ದೊಡ್ಡ ಡಾಕ್ಟ್ರು ಒಂಬತ್ತು ಜನ ಕೂತು ಸಹಿ ಹಾಕಿ ಕೊಟ್ಟಾರೆ, ನಿನ್ನ ಹೊಟ್ಟ್ಯಾಗೆ ಇರೋದು ಜಿಲ್ಲಾಧಿಕಾರಿ ಆಗ್ತೈತೆ ಅಂತ ಬರ್ದಾರೆ: ಇಡೀ ಪ್ರಚಾರ ಸಿದ್ಧವಾಗಿ ಹಲ್ಲಿನ ಹಿಂದೆ ಬಂದು ನಿಂತಿತ್ತು. ಕಾಟಮ್ಮನಂಥವರನ್ನು ಉರುಳಿಸಲು ಅದರಲ್ಲಿ ಅರ್ಧ ಸಾಕು. ಮತ್ತು ಅದು ಕೆಲಸವನ್ನೂ ಮಾಡುತ್ತದೆ, ಅದೇ ಅವನನ್ನು ಬೆವರಿಸಿತು. ಸುಳ್ಳು ಹೇಳಿದರೆ ಕೂಸು ಉಳಿಯುತ್ತದೆ. ಮುಂದೆಂದೋ ಒಂದು ದಿನ ಆ ಸುಳ್ಳು ಯಾವ ಸಾಲಿನಲ್ಲಿ ಇಳಿದು ಯಾರ ಮೈಯೊಳಗೆ ಹೋಗಿ ಕೂರುತ್ತದೋ. ನಿಜ ಹೇಳಿದರೆ ಇರಬಹುದು ಅಷ್ಟೇ. ಕೊಟ್ರಮ್ಮ ಮುಂದೆ ನೋಡುತ್ತಿದ್ದಳು, ಹಳಿಯ ಕಡೆ. ದೂರದಲ್ಲಿ ರೈಲು ಕೂಗಿತು.

‘ನಿಮ್ಮಕ್ಕ ಹುಟ್ಟಿದಾಗ ಅಳ್ಲಿಲ್ಲ ನೇತ್ರಾ,’ ಎಂದ. ‘ಏಳು ನಿಮಿಷ ಅಳ್ಲಿಲ್ಲ. ಆಸ್ಪತ್ರಿಗೆ ತಡ ಆತು. ತಡ ಮಾಡಿದ್ದು ನಾನು. ಇಷ್ಟು ವರ್ಷ ಸುಳ್ಳು ಹೇಳಿದೆ. ಕಾಟಮ್ಮೋರೆ, ರಕ್ತದ್ದು ಅಂತ ಆ ಕಾಗದದಾಗೆ ಬಿದ್ದಿದ್ದು ನನ್ನ ಸುಳ್ಳಿಂದ. ರಕ್ತದ್ದಲ್ಲ ಅಂತನೂ ಅವರು ಹೇಳಿಲ್ಲ. ಗೊತ್ತಿಲ್ಲ ಅಂದಾರೆ. ಸೋಮವಾರ ಏನೂ ಮಾಡಬ್ಯಾಡ್ರಿ, ಮೊದ್ಲು ಪರೀಕ್ಷೆ ಮಾಡಿಸ್ರಿ ಅಂದಾರೆ.’ ಮುಗಿದಿತ್ತು. ಅವನ ಜೀವನದ ಅತ್ಯಂತ ಚಿಕ್ಕ ಪ್ರಚಾರ.

ಆ ಕಡೆ ಯಾರೋ ಪಾತ್ರೆ ಕೆಳಗಿಟ್ಟರು. ಯಾರೋ ಕೆಮ್ಮಿದರು, ಗಂಡಸೋ ಹೆಂಗಸೋ ತಿಳಿಯಲಿಲ್ಲ. ಅವನು ಫೋನನ್ನು ಕಿವಿಗೆ ಒತ್ತಿದ; ಕಿವಿಯೊಳಗೆ ಅದೇ ಗಡಿಯಾರ. ಆಗಲೇ ತುದಿಯಲ್ಲಿ ಕೂತಿದ್ದ ಪ್ರೇಮಲತಾ ಮುಂದಕ್ಕೆ ಬಗ್ಗಿ, ಬಡೇಸಾಬನ ಭುಜದ ಪಕ್ಕದಿಂದ ಕೈ ಹಾಕಿ, ಗುಂಡಿ ಒತ್ತಿ ಮೈಕು ಎತ್ತಿಕೊಂಡಳು. ಆಟೋದ ನೆತ್ತಿಯಿಂದ ಎರಡೂ ಹಾರ್ನು ಒಮ್ಮೆಗೇ ಬಾಯಿ ಬಿಟ್ಟವು. ‘ಬನ್ನಿ, ಬನ್ನಿ, ಬನ್ನಿ.’ ಅಪ್ಪನದೇ ಏರಿಳಿತ, ಅಪ್ಪನದೇ ಎಳೆತ. ಲಾರಿಯವನು ತಲೆ ಹೊರಹಾಕಿದ. ಬೈಕಿನವರು ತಿರುಗಿದರು. ಹಣ್ಣಿನ ಗಾಡಿಯವನು ಎರಡು ಹೆಜ್ಜೆ ಇತ್ತ ಬಂದ. ವಾಮದೇವಪ್ಪನ ಕೈ ಮೈಕಿನ ಗುಂಡಿಯವರೆಗೆ ಹೋಯಿತು. ಕೊಟ್ರಮ್ಮ ಆ ಕೈಯನ್ನು ಹಿಡಿದುಕೊಂಡಳು. ಸಿಟ್ಟಿನಿಂದಲೋ ಬೇರೆ ಯಾತರಿಂದಲೋ, ಉಗುರು ಊರುವಷ್ಟು ಬಿಗಿಯಾಗಿ. ಬಿಡಲಿಲ್ಲ.

‘ಅಪ್ಪ,’ ಎಂದಳು ನೇತ್ರಾ ಫೋನಿನಲ್ಲಿ. ‘ಅಕ್ಕ ಯಾರನ್ನ ಕರೀತಿದಾಳೆ?’

ರೈಲು ಬಂತು. ಡಬ್ಬಿಗಳು ಒಂದರ ಹಿಂದೆ ಒಂದು ಹಾದುಹೋದವು. ವಾಮದೇವಪ್ಪ ಅವನ್ನು ಎಣಿಸಿದ. ಇಪ್ಪತ್ತೆರಡಿದ್ದವು.